ಗೆದ್ದ ಮರುದಿನದ ಲೆಕ್ಕ

ತಂಡ ಸುಧಾರಿಸಿದೆಯೇ, ಇಲ್ಲವೇ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳಲ್ಲಿ ಪ್ರತಿ ಪಂದ್ಯದ ಮರುದಿನ ಏಳುವ ವಾದ ಇದು. ಸೋತ ದಿನ ಈ ವಾದ ಬೈಗುಳದಲ್ಲೇ ಮುಗಿದುಹೋಗುತ್ತದೆ. ಅದು ರಂಗೇರುವುದು ಗೆದ್ದಾಗ. ಎದುರಾಳಿ ಪೊಳ್ಳಾಗಿತ್ತೇ, ಚೆಂಡು ಆ ದಿನ ಎಸೆದಲ್ಲೆಲ್ಲ ಬುಟ್ಟಿಗೆ ಬಿತ್ತೇ, ಹೋದ ತಿಂಗಳು ಮಾಡುತ್ತಿದ್ದ ತಪ್ಪು ನಿಜಕ್ಕೂ ನಿಂತಿತೇ ಎಂದು ಒಬ್ಬೊಬ್ಬರದು ಒಂದೊಂದು ತಕರಾರು. ಇಲ್ಲಿ ಆಟಗಾರ ವಿದ್ಯಾರ್ಥಿ. ಹದಿನೆಂಟರ ಹುಡುಗನಾಗಿ ಬಂದು, ಕಲಿತು, ನಾಲ್ಕೈದು ವರ್ಷದೊಳಗೆ ಹೊರಟುಹೋಗುತ್ತಾನೆ. ಹೀಗಾಗಿ ತಂಡದ ಹೆಸರು ಒಂದೇ ಇದ್ದರೂ ಒಳಗಿನ ಮುಖಗಳು ಸದಾ ಬದಲಾಗುತ್ತಿರುತ್ತವೆ. ಕಲಿಕೆಯನ್ನು ಕಣ್ಣೆದುರೇ ನೋಡುವುದು ಈ ಆಟದ ದೊಡ್ಡ ಆಕರ್ಷಣೆ. ಅಭಿಮಾನಿಗಳ ಚರ್ಚೆ ಅಂಕಪಟ್ಟಿಯನ್ನು ದಾಟಿ ಹೋಗುವುದೂ ಇದೇ ಕಾರಣಕ್ಕೆ. ಈ ವಾದ ಹೇಗೆ ನಡೆಯುತ್ತದೆ ಎಂದು ತಿಳಿಯಲು ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಥಾಮಸ್ ಜೆಫರ್‌ಸನ್ 1819ರಲ್ಲಿ ಸ್ಥಾಪಿಸಿದ ಈ ವಿಶ್ವವಿದ್ಯಾಲಯ ಇರುವುದು ಶಾರ್ಲಟ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂಡದ ಅಧಿಕೃತ ಹೆಸರು ಕ್ಯಾವಲಿಯರ್ಸ್. ಅಭಿಮಾನಿಗಳು ತಮ್ಮನ್ನು ಕರೆದುಕೊಳ್ಳುವುದು ‘ವಾಹೂ’ ಎಂದು, ಇನ್ನೂ ಚುಟುಕಾಗಿ ‘ಹೂಸ್’ ಎಂದು. ಬಣ್ಣ ಕಿತ್ತಳೆ ಮತ್ತು ಕಡುನೀಲಿ. ತಂಡ ಆಡುವ ಜಾನ್ ಪಾಲ್ ಜೋನ್ಸ್ ಅರೀನಾ 2006ರಲ್ಲಿ ತೆರೆಯಿತು. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ಹಳೆಯ ತಲೆಮಾರಿನ ವಾಹೂಗಳು ಮಾತು ಆರಂಭಿಸುವುದು ರಾಲ್ಫ್ ಸ್ಯಾಂಪ್ಸನ್‌ರಿಂದ. ಏಳಡಿ ನಾಲ್ಕಂಗುಲ ಎತ್ತರದ ಸ್ಯಾಂಪ್ಸನ್ 1979ರಿಂದ 1983ರವರೆಗೆ ಇಲ್ಲಿ ಆಡಿದರು, ಸತತ ಮೂರು ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡರು. ರಾಷ್ಟ್ರೀಯ ಪ್ರಶಸ್ತಿ ಮಾತ್ರ ಅವರ ಕಾಲದಲ್ಲಿ ಒಮ್ಮೆಯೂ ಬರಲಿಲ್ಲ. ಸಾಲದ್ದಕ್ಕೆ, ಅಗ್ರಸ್ಥಾನದಲ್ಲಿದ್ದಾಗಲೇ 1982ರ ಡಿಸೆಂಬರ್‌ನಲ್ಲಿ ಹವಾಯಿಯ ಶಾಮಿನಾಡ್ ಎಂಬ ಪುಟ್ಟ ಕಾಲೇಜಿಗೆ 77–72ರಿಂದ ಸೋತರು. ಯಾರೂ ಹೆಸರು ಕೇಳಿರದ ತಂಡದ ಕೈಯಲ್ಲಿ ಮುಖಭಂಗ ಮಾಡಿಸಿಕೊಳ್ಳುವ ವಿದ್ಯೆ ವರ್ಜೀನಿಯಾಕ್ಕೆ ಹೊಸದಲ್ಲ.

2009ರಲ್ಲಿ ಟೋನಿ ಬೆನೆಟ್ ತರಬೇತುದಾರರಾಗಿ ಬಂದರು. ಮೊದಲ ಋತುವಿನಲ್ಲಿ 15 ಗೆಲುವು, 16 ಸೋಲು. ಎರಡನೆಯದರಲ್ಲಿ 16 ಗೆಲುವು, 15 ಸೋಲು. ಕಾಗದದ ಮೇಲೆ ಒಂದೇ ಒಂದು ಪಂದ್ಯದ ಪ್ರಗತಿ. ಆದರೆ ಅಂಕಣದಲ್ಲಿ ಬೇರೆಯೇ ಒಂದು ಕಟ್ಟಡಕ್ಕೆ ಪಾಯ ಬೀಳುತ್ತಿತ್ತು. ಅದು ಬೆನೆಟ್‌ರ ತಂದೆ, ತಾವೂ ಹೆಸರಾಂತ ತರಬೇತುದಾರರಾಗಿದ್ದ ಡಿಕ್ ಬೆನೆಟ್ ರೂಪಿಸಿದ ‘ಪ್ಯಾಕ್ ಲೈನ್’ ಎಂಬ ರಕ್ಷಣಾ ಪದ್ಧತಿ.

ಇದನ್ನು ಹತ್ತಿರದಿಂದ ನೋಡಬೇಕು. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ, ಮೂರಂಕದ ಗೆರೆಗಿಂತ ಒಳಗೆ, ಅರ್ಧವೃತ್ತಾಕಾರದ ಒಂದು ಕಾಲ್ಪನಿಕ ಗೆರೆ. ಚೆಂಡು ಹಿಡಿದವನ ಮೈಮೇಲೆ ಒಬ್ಬ ರಕ್ಷಕ ಬೀಳುತ್ತಾನೆ. ಉಳಿದ ನಾಲ್ವರು ತಮ್ಮ ತಮ್ಮ ಎದುರಾಳಿಯನ್ನು ಬಿಟ್ಟು ಆ ಗೆರೆಯ ಒಳಗೆ ಸರಿದು ನಿಲ್ಲುತ್ತಾರೆ. ಚೆಂಡಿನವನು ಡ್ರಿಬಲ್ ಮಾಡುತ್ತ ಒಳನುಗ್ಗಿದರೆ ಪಕ್ಕದವನು ಒಂದು ಹೆಜ್ಜೆ ಅಡ್ಡ ಬಂದು ದಾರಿ ಮುಚ್ಚುತ್ತಾನೆ. ಚೆಂಡು ಹೊರಗೆ ಪಾಸ್ ಆದ ಕ್ಷಣ ಅದೇ ಆಟಗಾರ ಓಡಿಹೋಗಿ, ಕೈ ಮೇಲೆತ್ತಿ, ತನ್ನ ಎದುರಾಳಿಯ ಮುಂದೆ ನಿಂತಿರಬೇಕು. ಚೆಂಡು ಐದು ಸಲ ಕೈಬದಲಾದರೆ ಐದೂ ಜನ ಐದು ಸಲ ಜಾಗ ಬದಲಿಸಬೇಕು. ಒಬ್ಬ ಅರ್ಧ ಹೆಜ್ಜೆ ತಡ ಮಾಡಿದರೂ ಇಡೀ ಬಲೆ ಹರಿಯುತ್ತದೆ. ಹೊಸಬರು ಇದನ್ನು ಮೈಗೂಡಿಸಿಕೊಳ್ಳಲು ಒಂದು ವರ್ಷವಾದರೂ ಬೇಕು ಎಂಬುದು ಇಲ್ಲಿನ ಅನುಭವ. ಆದ್ದರಿಂದ ಅರಿತ ವಾಹೂ ಪಂದ್ಯ ನೋಡುವಾಗ ಚೆಂಡನ್ನು ನೋಡುವುದಿಲ್ಲ. ಚೆಂಡಿಲ್ಲದ ಕಡೆ ನಿಂತ ಹುಡುಗನ ಕಾಲನ್ನು ನೋಡುತ್ತಾನೆ.

ಆಕ್ರಮಣದಲ್ಲೂ ಬೆನೆಟ್‌ರದು ಆತುರವಿಲ್ಲದ ಜಾಯಮಾನ. ಬುಟ್ಟಿಗೆ ಎಸೆಯಲು ಕೊಟ್ಟ ಸಮಯದ ಬಹುಪಾಲು ಖರ್ಚು ಮಾಡಿಯೇ ಎಸೆಯುವುದು. ನೋಡುವವರಿಗೆ ನಿದ್ದೆ ಬರಿಸುವ ಆಟ ಎಂದು ದೇಶದ ಬೇರೆ ಕಡೆಯವರು ಹಂಗಿಸಿದರು. ಆ ಹಂಗಿಸುವಿಕೆಯಲ್ಲಿ ನಿಜವೂ ಇತ್ತು.

ತಂಡ ಬಲಿತದ್ದು 2013–14ರಲ್ಲಿ. ಆದರೆ ಅದಕ್ಕೆ ಮೊದಲು ಒಂದು ಹೊಡೆತ ಬಿತ್ತು. 2013ರ ಡಿಸೆಂಬರ್ 30ರಂದು ಟೆನೆಸೀ ತಂಡ ವರ್ಜೀನಿಯಾವನ್ನು 87–52ರಿಂದ ಚಚ್ಚಿಹಾಕಿತು. ಮೂವತ್ತೈದು ಅಂಕಗಳ ಅಂತರ. ಹಿರಿಯ ಆಟಗಾರ ಜೋ ಹ್ಯಾರಿಸ್ ತರಬೇತುದಾರರ ಮನೆಗೇ ಹೋಗಿ ಕೂತು ಮಾತಾಡಿದ್ದು ಈಗ ತಂಡದ ಕಥೆಗಳಲ್ಲೊಂದು. ಆಮೇಲೆ ತಮ್ಮ ಒಕ್ಕೂಟವಾದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ತಂಡ 16 ಪಂದ್ಯ ಗೆದ್ದು ಎರಡನ್ನಷ್ಟೇ ಸೋತಿತು. ಒಕ್ಕೂಟದ ಟೂರ್ನಿಯ ಫೈನಲ್‌ನಲ್ಲಿ ಡ್ಯೂಕ್ ತಂಡವನ್ನು 72–63ರಿಂದ ಮಣಿಸಿ, 1976ರ ನಂತರ ಮೊದಲ ಬಾರಿಗೆ ಆ ಪ್ರಶಸ್ತಿ ಎತ್ತಿತು. ‘ಟೆನೆಸೀ ಆದಮೇಲೆ’ ಎನ್ನುವುದು ವಾಹೂಗಳ ಮಾತಿನಲ್ಲಿ ಕಾಲಗಣನೆಯೇ ಆಯಿತು.

ಈ ಹೊತ್ತಿಗೆ ಅಭಿಮಾನಿಗಳ ಭಾಷೆಯೂ ಬದಲಾಗಿತ್ತು. ಕಾರಣ, ಸಾಲ್ಟ್ ಲೇಕ್ ಸಿಟಿಯ ಕೆನ್ ಪಾಮರಾಯ್. ಹವಾಮಾನ ತಜ್ಞರಾಗಿದ್ದ ಇವರು ಹವ್ಯಾಸವಾಗಿ ಶುರುಮಾಡಿದ ‘ಕೆನ್‌ಪಾಮ್’ ಶ್ರೇಯಾಂಕ ಇಂದು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಪಂಚಾಂಗವಿದ್ದಂತೆ. ಇದರ ತಿರುಳು ಸರಳ. ಪಂದ್ಯದಲ್ಲಿ ಎಷ್ಟು ಅಂಕ ಬಂತು ಎನ್ನುವ ಬದಲು, ಚೆಂಡು ಕೈಗೆ ಸಿಕ್ಕ ಪ್ರತಿ 100 ಸರದಿಗೆ ಎಷ್ಟು ಅಂಕ ಬಂತು ಎಂದು ಕೇಳುವುದು, ಅದನ್ನು ಎದುರಾಳಿಯ ಬಲಕ್ಕೆ ತಕ್ಕಂತೆ ಹೊಂದಿಸುವುದು. 60 ಸರದಿಯಲ್ಲಿ 66 ಅಂಕ ಗಳಿಸಿದ ತಂಡದ ದರ 110. 75 ಸರದಿಯಲ್ಲಿ 75 ಗಳಿಸಿದ ತಂಡದ್ದು 100. ಅಂಕಪಟ್ಟಿಯಲ್ಲಿ ಎರಡನೆಯದು ದೊಡ್ಡದು, ಆಟದಲ್ಲಿ ಮೊದಲನೆಯದು. ಕ್ರಿಕೆಟ್‌ನಲ್ಲಿ ಒಟ್ಟು ರನ್ನಿಗಿಂತ ಸ್ಟ್ರೈಕ್ ರೇಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಜೊತೆಗೆ ಡೀನ್ ಆಲಿವರ್ ಎಂಬ ಸಂಖ್ಯಾತಜ್ಞರು ಜನಪ್ರಿಯಗೊಳಿಸಿದ ನಾಲ್ಕು ಅಂಶಗಳಿವೆ: ಎಸೆತದ ನಿಖರತೆ, ಚೆಂಡು ಕಳೆದುಕೊಳ್ಳುವ ಪ್ರಮಾಣ, ತಾನೇ ತಪ್ಪಿದ ಎಸೆತದ ರಿಬೌಂಡ್ ಹಿಡಿಯುವುದು, ಫ್ರೀ ಥ್ರೋ ಗಿಟ್ಟಿಸುವುದು. ಗೆದ್ದ ಮರುದಿನ ಈ ನಾಲ್ಕನ್ನು ಮುಂದಿಟ್ಟುಕೊಂಡವನ ಜೊತೆ ವಾದ ಮಾಡುವುದು ಕಷ್ಟ. ಮೂರಂಕದ ಎಸೆತಗಳು ಒಂದು ದಿನ ಬೀಳುತ್ತವೆ, ಮರುದಿನ ಬೀಳುವುದಿಲ್ಲ. ಹಾಗಾಗಿ ಬರೀ ಅವುಗಳಿಂದ ಬಂದ ಗೆಲುವನ್ನು ಪಳಗಿದ ಅಭಿಮಾನಿ ನಂಬುವುದಿಲ್ಲ. ಚೆಂಡು ಕಳೆದುಕೊಳ್ಳುವುದು ಕಡಿಮೆಯಾಗಿದ್ದರೆ ಮಾತ್ರ ‘ಹುಡುಗರು ಕಲಿಯುತ್ತಿದ್ದಾರೆ’ ಎಂದು ತಲೆಯಾಡಿಸುತ್ತಾನೆ.

ಆದರೆ ಲೆಕ್ಕಕ್ಕೂ ಮಿತಿಯಿದೆ ಎಂಬುದು 2018ರ ಮಾರ್ಚ್ 16ರ ರಾತ್ರಿ ಷಾರ್ಲಟ್ ನಗರದಲ್ಲಿ ಗೊತ್ತಾಯಿತು. ರಾಷ್ಟ್ರೀಯ ಟೂರ್ನಿಯಲ್ಲಿ 68 ತಂಡ, ಒಮ್ಮೆ ಸೋತರೆ ಮನೆಗೆ. ನಾಲ್ಕು ವಲಯ, ಪ್ರತಿ ವಲಯದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ. 1985ರಿಂದ ಅಲ್ಲಿಯವರೆಗೆ ಪುರುಷರ ಟೂರ್ನಿಯಲ್ಲಿ ಒಂದನೇ ಶ್ರೇಯಾಂಕದವರು 16ನೆಯವರ ವಿರುದ್ಧ 135 ಪಂದ್ಯ ಆಡಿ 135ನ್ನೂ ಗೆದ್ದಿದ್ದರು. ಆ ವರ್ಷ 31 ಗೆದ್ದು ಎರಡೇ ಸೋತಿದ್ದ ವರ್ಜೀನಿಯಾ ಇಡೀ ಟೂರ್ನಿಯ ಅಗ್ರ ತಂಡ. ಎದುರಿಗೆ ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ಅರ್ಧ ಆಟಕ್ಕೆ 21–21. ದ್ವಿತೀಯಾರ್ಧದಲ್ಲಿ ಯುಎಂಬಿಸಿ 53 ಅಂಕ ಬಾರಿಸಿ 74–54ರಿಂದ ಗೆದ್ದಿತು. ಜೈರಸ್ ಲೈಲ್ಸ್ ಒಬ್ಬರೇ 28 ಗಳಿಸಿದ್ದರು.

ವರ್ಜೀನಿಯಾದ ಡಿಯಾಂಡ್ರೆ ಹಂಟರ್ ಮಣಿಕಟ್ಟಿನ ಗಾಯದಿಂದ ಆಡಿರಲಿಲ್ಲ ಎಂಬ ನೆಪ ಇತ್ತು. ಅಭಿಮಾನಿಗಳಲ್ಲಿ ಹೆಚ್ಚಿನವರು ಅದನ್ನು ಹಿಡಿದು ಕೂರಲಿಲ್ಲ. ಅವರ ನಡುವೆ ಎದ್ದ ಪ್ರಶ್ನೆ ಇನ್ನೂ ಹರಿತವಾಗಿತ್ತು: ನಿಧಾನದ ಆಟವೇ ಮುಳುವಾಯಿತೇ? ಸರದಿಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚುತ್ತದೆ. ಐದು ದಿನದ ಟೆಸ್ಟ್‌ನಲ್ಲಿ ಸೋಲುವ ದುರ್ಬಲ ತಂಡ ಟಿ–20ಯಲ್ಲಿ ಗೆದ್ದುಬಿಡುವುದು ಹೀಗೆಯೇ. ಅಲ್ಲದೆ, ಹತ್ತು ಅಂಕ ಹಿಂದೆ ಬಿದ್ದ ನಿಧಾನದ ತಂಡಕ್ಕೆ ಬೆನ್ನಟ್ಟುವುದು ಅಭ್ಯಾಸವೇ ಇರುವುದಿಲ್ಲ. ಆ ರಾತ್ರಿ ಕಂಡದ್ದು ಅದೇ.

ಬೆನೆಟ್ ರಕ್ಷಣಾ ಪದ್ಧತಿಯನ್ನು ಬಿಡಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. 2018–19ರಲ್ಲೂ ವರ್ಜೀನಿಯಾ ದೇಶದ ಅತಿ ನಿಧಾನದ ತಂಡಗಳಲ್ಲೊಂದು. ಬದಲಾದದ್ದು ಆಕ್ರಮಣದ ವಿನ್ಯಾಸ. ಚೆಂಡಿನವನಿಗೆ ಸಹ ಆಟಗಾರ ಮರೆ ಕಟ್ಟಿ ದಾರಿ ಬಿಡಿಸುವ ತಂತ್ರಕ್ಕೆ ಹೆಚ್ಚು ಜಾಗ ಸಿಕ್ಕಿತು. ಟೈ ಜೆರೋಮ್, ಕೈಲ್ ಗೈ, ಹಂಟರ್ ಮೂವರೂ ಒಂದು ವರ್ಷ ಬಲಿತಿದ್ದರು. ಕೀಹೈ ಕ್ಲಾರ್ಕ್ ಎಂಬ ಗಿಡ್ಡ ಹುಡುಗ ಹೊಸದಾಗಿ ಸೇರಿದ್ದ.

2019ರ ಮಾರ್ಚ್ 22ರಂದು ಮತ್ತೆ ಅದೇ ಪರೀಕ್ಷೆ: ಒಂದನೇ ಶ್ರೇಯಾಂಕ, ಎದುರಿಗೆ 16ನೆಯ ಗಾರ್ಡ್‌ನರ್–ವೆಬ್. ಮೊದಲಾರ್ಧದಲ್ಲಿ ವರ್ಜೀನಿಯಾ 14 ಅಂಕ ಹಿಂದೆ ಬಿತ್ತು. ವಾಹೂಗಳು ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಹುಡುಗರು ಗಡಿಬಿಡಿ ಮಾಡಲಿಲ್ಲ; ವಿರಾಮಕ್ಕೆ ಅಂತರ ಆರಕ್ಕೆ ಇಳಿಯಿತು, ಕೊನೆಗೆ 71–56. ಹೊರಗಿನವರಿಗೆ ಇದು ದುರ್ಬಲ ತಂಡದೆದುರು ಏದುಸಿರು ಬಿಟ್ಟು ಬಂದ ಗೆಲುವು. ವಾಹೂಗಳು ಮರುದಿನ ಆಡಿಕೊಂಡದ್ದು ಬೇರೆ. ಹಿಂದೆ ಬಿದ್ದು ಮುರಿದುಬಿದ್ದ ತಂಡ ಹಿಂದೆ ಬಿದ್ದೂ ನಿಲ್ಲುವುದನ್ನು ಕಲಿತಿದೆ ಎಂಬುದು ಅವರ ತೀರ್ಮಾನ. ಯಾವ ಶ್ರೇಯಾಂಕದಲ್ಲೂ ಕಾಣದ ಸುಧಾರಣೆ ಅದು, ಮತ್ತು ಅವರ ತೀರ್ಮಾನ ಸರಿಯಾಗಿತ್ತು.

ಎಂಟರ ಘಟ್ಟದಲ್ಲಿ ಪರ್ಡ್ಯೂ ವಿರುದ್ಧ ಅದು ಸಾಬೀತಾಯಿತು. 5.9 ಸೆಕೆಂಡು ಬಾಕಿ, ಎರಡಂಕ ಹಿನ್ನಡೆ. ಜೆರೋಮ್‌ರ ಎರಡನೇ ಫ್ರೀ ಥ್ರೋ ತಪ್ಪಿತು. ಸಹ ಆಟಗಾರ ಮಮಾದಿ ಡಿಯಾಕಿಟೆ ಎಗರಿ ತಟ್ಟಿದ ಚೆಂಡು ಯಾರ ಕೈಗೂ ಸಿಗದೆ ತಮ್ಮದೇ ಅರ್ಧ ಅಂಕಣಕ್ಕೆ ಉರುಳಿತು. ಕ್ಲಾರ್ಕ್ ಅಟ್ಟಿಸಿಕೊಂಡು ಹೋಗಿ ಹಿಡಿದ. ದೂರದಿಂದ ತಾನೇ ಎಸೆದುಬಿಡಬಹುದಿತ್ತು, ಹತ್ತಿರದಲ್ಲೇ ಜೆರೋಮ್ ಕೈಚಾಚಿ ನಿಂತಿದ್ದರು. ಕ್ಲಾರ್ಕ್ ಎರಡನ್ನೂ ಬಿಟ್ಟು ಸುಮಾರು ನಲವತ್ತು ಅಡಿ ಆಚೆ ಬುಟ್ಟಿಯ ಸಮೀಪವಿದ್ದ ಡಿಯಾಕಿಟೆಗೆ ನೇರವಾಗಿ ಪಾಸ್ ಕೊಟ್ಟ. ಗಂಟೆ ಮೊಳಗುವ ಮುನ್ನ ಚೆಂಡು ಡಿಯಾಕಿಟೆಯ ಕೈಬಿಟ್ಟಿತ್ತು. 70–70. ಹೆಚ್ಚುವರಿ ಅವಧಿಯಲ್ಲಿ 80–75.

ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು ನೆರವಾದದ್ದು ಅದೃಷ್ಟ. ಜೆರೋಮ್ ನಿಯಮಕ್ಕೆ ವಿರುದ್ಧವಾಗಿ ಎರಡು ಸಲ ಡ್ರಿಬಲ್ ಮಾಡಿದ್ದನ್ನು ರೆಫರಿಗಳು ಗಮನಿಸಲಿಲ್ಲ. 0.6 ಸೆಕೆಂಡು ಇರುವಾಗ ಕೈಲ್ ಗೈಗೆ ಮೂರು ಫ್ರೀ ಥ್ರೋ ಸಿಕ್ಕವು, ಮೂರನ್ನೂ ಹಾಕಿ 63–62. ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಟೆಕ್ಸಸ್ ಟೆಕ್ ಎದುರು ಫೈನಲ್. ಹಂಟರ್ 27 ಅಂಕ ಗಳಿಸಿದರು, 12.9 ಸೆಕೆಂಡು ಇದ್ದಾಗ ಸಮ ಮಾಡಿದ ಮೂರಂಕದ ಎಸೆತವೂ ಅವರದೇ. ಹೆಚ್ಚುವರಿ ಅವಧಿಯಲ್ಲಿ 85–77. ವರ್ಜೀನಿಯಾದ ಮೊದಲ ರಾಷ್ಟ್ರೀಯ ಪ್ರಶಸ್ತಿ.

ಹಂಟರ್, ಜೆರೋಮ್, ಗೈ ಮೂವರೂ ಆ ಬೇಸಿಗೆಯಲ್ಲೇ ವೃತ್ತಿಪರ ಆಟಕ್ಕೆ ಹೋದರು. ಮುಂದಿನ ವರ್ಷದ ಟೂರ್ನಿ ಕೋವಿಡ್‌ನಿಂದ ರದ್ದಾಯಿತು. 2021ರಲ್ಲಿ ಒಹಾಯೊಗೆ, 2023ರಲ್ಲಿ ಫರ್ಮನ್‌ಗೆ ಮೊದಲ ಸುತ್ತಲ್ಲೇ ಶರಣಾದರು. ಫರ್ಮನ್ ಎದುರು ಕೊನೆಯ ಗಳಿಗೆಯಲ್ಲಿ ಚೆಂಡನ್ನು ಎದುರಾಳಿಯ ಕೈಗೆ ಎಸೆದದ್ದು ಅದೇ ಕ್ಲಾರ್ಕ್. ಆಟದ ಸುತ್ತಲಿನ ಲೋಕವೂ ಬದಲಾಗುತ್ತಿತ್ತು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆಯೇ ಕಾಲೇಜು ಬದಲಿಸಬಹುದು, ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಹುಡುಗರಿಗೆ ಇದರಿಂದ ನ್ಯಾಯ ಸಿಕ್ಕಿತು ಎನ್ನಲೇಬೇಕು; ಒಂದು ಪದ್ಧತಿಯನ್ನು ವರ್ಷಗಟ್ಟಲೆ ಕಲಿಸಿ ತಂಡ ಕಟ್ಟುವವರಿಗೆ ಮಾತ್ರ ಕಾಲ ಕೆಳಗಿನ ನೆಲವೇ ಸರಿದಂತಾಯಿತು. 2024ರ ಅಕ್ಟೋಬರ್‌ನಲ್ಲಿ, ಋತು ಆರಂಭಕ್ಕೆ ಕೆಲವೇ ವಾರ ಇರುವಾಗ, ಈ ಹೊಸ ವಾತಾವರಣಕ್ಕೆ ತಾವು ತಕ್ಕವರಲ್ಲವೆಂದು ಹೇಳಿ ಬೆನೆಟ್ ಹುದ್ದೆ ಬಿಟ್ಟರು.

2025ರ ಮಾರ್ಚ್‌ನಲ್ಲಿ ವರ್ಜೀನಿಯಾ ಹೊಸ ತರಬೇತುದಾರರನ್ನು ನೇಮಿಸಿತು. ಅವರ ತಂದೆ ಡೇವ್ ಓಡಮ್ 1980ರ ದಶಕದಲ್ಲಿ ಇದೇ ತಂಡದ ಸಹಾಯಕ ತರಬೇತುದಾರರಾಗಿದ್ದರು. ಮಗ ಆಗ ಅಂಕಣದ ಅಂಚಿನಲ್ಲಿ ಚೆಂಡು ಹೆಕ್ಕಿಕೊಡುವ ಹುಡುಗ. ಹೆಸರು ರಯಾನ್ ಓಡಮ್. 2018ರ ಆ ರಾತ್ರಿ ಯುಎಂಬಿಸಿಯ ತರಬೇತುದಾರರಾಗಿದ್ದವರು ಇವರೇ.