ಪದ ಗೊತ್ತು, ಮಾತು ಗೊತ್ತಿಲ್ಲ

ಗಲ್ಫಿಗೆ ಹೊರಟ ನಮ್ಮ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ ಎಂದೇನಿಲ್ಲ. ಎಡವುವುದು ನುಡಿಗಟ್ಟಿನಲ್ಲಿ.

ದುಬೈಯ ಕಚೇರಿಯೊಂದರಲ್ಲಿದ್ದ ನಮ್ಮೂರ ಹುಡುಗನಿಗೆ ಮ್ಯಾನೇಜರ್ ಮೆಲ್ಲಗೆ ‘ವಿ ಹ್ಯಾವ್ ಟು ಲೆಟ್ ಯು ಗೋ’ ಎಂದರಂತೆ. ಇವ ರಜೆ ಸಿಕ್ಕಿತು ಅಂದ್ಕೊಂಡು ಥ್ಯಾಂಕ್ಯೂ ಹೇಳಿ ಬಂದ. ಕೆಲಸವೇ ಹೋಗಿದೆ ಎಂದು ತಿಳಿದದ್ದು ರೂಮಿನವರು ಬಿಡಿಸಿ ಹೇಳಿದ ಮೇಲೆ. ನೋಟಿಸ್, ಬಾಕಿ ಸಂಬಳದ ಮಾತನ್ನೇ ಎತ್ತಿರಲಿಲ್ಲ. ಕೇಳಿ ನಾವು ಮೊದಲು ನಕ್ಕೆವು, ಆಮೇಲೆ ನಗು ಬರಲಿಲ್ಲ.

‘ಅಂಡರ್ ದ ವೆದರ್’ ಹವಾಮಾನದ ಸುದ್ದಿಯಲ್ಲ, ಮೈ ಹುಷಾರಿಲ್ಲ ಎಂದು. ‘ಕಾಲ್ ಇಟ್ ಎ ಡೇ’ ಅಂದರೆ ಇವತ್ತಿಗೆ ಕೆಲಸ ಸಾಕು. ‘ಬ್ರೇಕ್ ಎ ಲೆಗ್’ ಕೇಳಿ ಸಿಟ್ಟಾಗಬೇಡಿ, ವೇದಿಕೆ ಏರುವವರಿಗೆ ಅದು ಶುಭ ಹಾರೈಕೆ. ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಎಂದು ಇಮೇಲ್ ಬಂತೋ, ಮುಂದಿನ ಹೆಜ್ಜೆ ನಿಮ್ಮದೇ. ಕಾಯುತ್ತಾ ಕೂತರೆ ಕೆಟ್ಟಿತು.

ನಮ್ಮಲ್ಲೂ ಹಾಗೇ ತಾನೇ? ‘ಅವ ಕೈಕೊಟ್ಟ’ ಎಂದರೆ ಕೈ ಕುಲುಕಿದ ಎಂದು ಯಾರು ತಿಳಿಯುತ್ತಾರೆ?

ಪಟ್ಟಿ ಬಾಯಿಪಾಠ ಮಾಡುವುದರಲ್ಲಿ ನಮಗೆ ನಂಬಿಕೆಯಿಲ್ಲ. ಅರ್ಥವಾಗದಿದ್ದರೆ ನಾಚದೆ ಅಲ್ಲೇ ಕೇಳಿಬಿಡಿ. ಆ ಹುಡುಗ ಈಗ ಶಾರ್ಜಾದಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಕೇಳಿ ತಿಳಿಯದೆ ಯಾರಿಗೂ ಥ್ಯಾಂಕ್ಯೂ ಹೇಳುವುದಿಲ್ಲವಂತೆ.