ಬೆಳಗಿನ ರಿಪೋರ್ಟ್ ಮಾತ್ರ ಸಾಲದು

ರೋಗಿಗಳ ಭೇಟಿಗೆ ಹೋದಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ರಕ್ತಪರೀಕ್ಷೆಯ ಚೀಟಿ ತೋರಿಸಿದರು. ಸಂಧಿವಾತಕ್ಕೆಂದು ದಿನಾ ಬೆಳಿಗ್ಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರು. "ಖಾಲಿ ಹೊಟ್ಟೆಯಲ್ಲಿ 98 ಇದೆ ಫಾದರ್, ನನಗೆ ಶುಗರ್ ಇಲ್ಲ" ಎಂದರು. ಆದರೆ ಮಾತಿನ ನಡುವೆಯೇ ಎರಡು ಚೊಂಬು ನೀರು ಖಾಲಿ ಮಾಡಿದ್ದರು. ಮಾರನೆಯ ದಿನ ಮಧ್ಯಾಹ್ನದ ಊಟದ ನಂತರ ನೋಡಿಸಿದರೆ 290!

ಬೆಳಿಗ್ಗೆ ನುಂಗಿದ ಈ ಮಾತ್ರೆಯ ಪ್ರಭಾವ ನಾಲ್ಕರಿಂದ ಎಂಟು ಗಂಟೆಗಳಲ್ಲಿ ಏರುತ್ತದೆ. ಯಕೃತ್ತು ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಇನ್ಸುಲಿನ್ ಮಾತು ಕೇಳುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಅದು ಇಳಿದು, ಬೆಳಗಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ಕಾಣಬಹುದು. ಆದ್ದರಿಂದ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ಇಲ್ಲವೇ ರಾತ್ರಿಯ ಊಟಕ್ಕೆ ಮುಂಚೆ ಪರೀಕ್ಷಿಸಬೇಕು. 2021ರ ಕೋವಿಡ್ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿ ತಪ್ಪಿದವರನ್ನೇ. ಅವರಲ್ಲಿ ಬಹಳ ಮಂದಿ ಸ್ಟೀರಾಯ್ಡ್ ಪಡೆದಿದ್ದರು.

ಹಾಗೆಂದು ಹೆದರಿ ಮಾತ್ರೆ ನಿಲ್ಲಿಸಬೇಡಿ. ವಾರಗಟ್ಟಲೆ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ವೈದ್ಯರೇ ಹಂತಹಂತವಾಗಿ ಇಳಿಸುವಾಗ, "ಇನ್ಸುಲಿನ್ ಕೂಡ ಇಳಿಸಬೇಕೇ?" ಎಂದು ಕೇಳಿ. ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದು ಬೆವರಿ, ನಡುಗಿ ಬೀಳಬಹುದು.

ಆ ತಾಯಿಗೆ ವೈದ್ಯರು ಬೆಳಗಿನ ಹೊತ್ತು ಇನ್ಸುಲಿನ್ ಬರೆದುಕೊಟ್ಟರು, ಮಧ್ಯಾಹ್ನದ ಅನ್ನ ಅರ್ಧಕ್ಕಿಳಿಯಿತು. "ತಪಸ್ಸುಕಾಲದ ಉಪವಾಸ ಬಿಡಬಹುದೇ ಫಾದರ್?" ಎಂದು ಅಂಜುತ್ತಲೇ ಕೇಳಿದರು. "ಕಾಯಿಲೆಯವರಿಗೆ ಆ ಕಟ್ಟಳೆ ಇಲ್ಲಮ್ಮ, ಹೊತ್ತಿಗೆ ಸರಿಯಾಗಿ ಉಣ್ಣಿ" ಎಂದೆ.