ಸಾರಜನಕದ ಲೆಕ್ಕಾಚಾರ: ಗುಡವಿಯ ಕೆರೆಯಿಂದ ಅರಬ್ಬೀ ಸಮುದ್ರದವರೆಗೆ

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದ ಕೆರೆಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಮುಂತಾದ ಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆ ನೀರಿಗೆ ಬಿದ್ದು ಕೊಳೆತಾಗ ಅದರಲ್ಲಿನ ಸಾರಜನಕವು ಅಮೋನಿಯಂ ರೂಪಕ್ಕೆ ತಿರುಗುತ್ತದೆ. ಅದನ್ನು ಹೀರಿ ಏಕಕೋಶ ಪಾಚಿಗಳು ಬೆಳೆಯುತ್ತವೆ. ಇದೇ ವ್ಯವಹಾರವು ಘಟ್ಟದ ಕೆಳಗೆ ಅರಬ್ಬೀ ಸಮುದ್ರದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಗೊಬ್ಬರ ಹಾಗೂ ಮೀನು ಎರಡರ ವಹಿವಾಟಿಗೂ ಸಂಬಂಧಿಸಿದ ಈ ವಿಷಯವನ್ನು ವರ್ತಕ ಬಾಂಧವರು ಅರಿತಿರುವುದು ಉಚಿತ.

ವಾಯುಮಂಡಲದ ಶೇ. 78ರಷ್ಟು ಭಾಗ ಸಾರಜನಕವೇ. ಆದರೆ ಅದರ ಅಣುವಿನ ಎರಡು ಪರಮಾಣುಗಳು ಬಲವಾಗಿ ಬೆಸೆದುಕೊಂಡಿರುವುದರಿಂದ ಬಹುತೇಕ ಜೀವಿಗಳಿಗೆ ಅದು ನೇರವಾಗಿ ದಕ್ಕುವುದಿಲ್ಲ. ಸಮುದ್ರದ ಏಕಕೋಶ ಜೀವಿಗಳಿಗೆ ಮುಖ್ಯವಾಗಿ ಮೂರು ಮಾರ್ಗಗಳಿದ್ದು, ಪ್ರತಿಯೊಂದರ ವೆಚ್ಚವೂ ಬೇರೆ. ಅಮೋನಿಯಂ ಎಲ್ಲಕ್ಕಿಂತ ಅಗ್ಗ. ಕೋಶಪೊರೆಯ ಪ್ರೋಟೀನುಗಳ ಮೂಲಕ ಒಳಬಂದೊಡನೆ ಅದು ಅಮೈನೋ ಆಮ್ಲಗಳ ತಯಾರಿಕೆಗೆ ಒದಗುತ್ತದೆ. ನೈಟ್ರೇಟನ್ನಾದರೋ ಮೊದಲು ನೈಟ್ರೈಟಾಗಿ, ಅನಂತರ ಅಮೋನಿಯಂ ಆಗಿ ಪರಿವರ್ತಿಸಬೇಕು. ಇದಕ್ಕೆ 8 ಎಲೆಕ್ಟ್ರಾನುಗಳು ವ್ಯಯವಾಗುತ್ತವೆ. ಅನಿಲರೂಪದ ಸಾರಜನಕವನ್ನು ಸ್ಥಿರೀಕರಿಸುವುದು ಅತ್ಯಂತ ದುಬಾರಿ. ಒಂದು ಅಣುವಿಗೆ ಸುಮಾರು 16 ಎಟಿಪಿ ಶಕ್ತಿಕಣಗಳು ಬೇಕು, ಈ ಸಾಮರ್ಥ್ಯವೂ ಕೆಲವೇ ಜೀವಿಗಳಿಗುಂಟು. ಆದುದರಿಂದ ಅಮೋನಿಯಂ ಸಾಕಷ್ಟು ದೊರೆತಾಗ ಬಹುತೇಕ ಕೋಶಗಳು ನೈಟ್ರೇಟಿನ ಬಳಕೆಯನ್ನು ತಗ್ಗಿಸುತ್ತವೆ.

ನೈಋತ್ಯ ಮುಂಗಾರಿನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇರಿ ನೈಟ್ರೇಟನ್ನು ಹೊತ್ತು ತರುತ್ತದೆ. ಆಗ ಸಿಲಿಕಾ ಕವಚವುಳ್ಳ ಡಯಾಟಂ ಎಂಬ ಏಕಕೋಶ ಪಾಚಿಗಳು ಹೇರಳವಾಗಿ ವೃದ್ಧಿಸುತ್ತವೆ. ಸರಕು ಸುಲಭವಾಗಿ ಸಿಗುವಾಗ ಉಗ್ರಾಣ ತುಂಬಿಸಿಕೊಳ್ಳುವ ವರ್ತಕನಂತೆ ಇವು ನೈಟ್ರೇಟನ್ನು ತಮ್ಮ ಒಡಲಲ್ಲಿ ದಾಸ್ತಾನು ಮಾಡಬಲ್ಲವು. ಡಯಾಟಂಗಳು ಬೂತಾಯಿ ಮೀನಿನ ಪ್ರಮುಖ ಆಹಾರ. ಬೂತಾಯಿಯಾದರೋ ಕರಾವಳಿಯ ಮೀನೆಣ್ಣೆ ಕಾರ್ಖಾನೆಗಳ ಮುಖ್ಯ ಕಚ್ಚಾವಸ್ತುಗಳಲ್ಲಿ ಒಂದು.

2024ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗಮನಾರ್ಹ ಸಂಶೋಧನೆಯೊಂದು ಪ್ರಕಟವಾಯಿತು. ಸಮುದ್ರದ ಒಂದು ಏಕಕೋಶ ಪಾಚಿಯೊಳಗೆ ವಾಸಿಸುವ ಬ್ಯಾಕ್ಟೀರಿಯಾ ಎಂದು ಅದುವರೆಗೆ ತಿಳಿದಿದ್ದುದು, ವಾಸ್ತವವಾಗಿ ಆ ಪಾಚಿಯ ಅಂಗವೇ ಆಗಿಹೋಗಿದೆ ಎಂದು ಅದು ತೋರಿಸಿತು. ‘ನೈಟ್ರೋಪ್ಲಾಸ್ಟ್’ ಎಂಬ ಈ ಅಂಗವು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತದೆ. 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಆರಂಭವಾದ ಅಮೋನಿಯ ಉತ್ಪಾದನಾ ವಿಧಾನಕ್ಕೆ 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆ, ನೂರಕ್ಕೂ ಮಿಕ್ಕ ವಾಯುಭಾರದ ಒತ್ತಡ ಬೇಕು. ಈ ಪಾಚಿಯು ಅದನ್ನು ಸಮುದ್ರದ ನೀರಿನ ಉಷ್ಣತೆಯಲ್ಲಿಯೇ ಸಾಧಿಸುತ್ತದೆ.

ಸೊರಬ, ಶಿಕಾರಿಪುರದ ಗದ್ದೆಗಳಿಗೆ ಬೀಳುವ ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಪೈರು ಹೀರದೆ ಉಳಿದುದರಲ್ಲಿ ಒಂದು ಭಾಗ ಗಾಳಿಗೆ ಹೋದರೆ, ಇನ್ನೊಂದು ಭಾಗ ಮಳೆನೀರಿನೊಡನೆ ಕೆರೆಗಳನ್ನೂ ವರದಾ, ಕುಮುದ್ವತಿ ನದಿಗಳನ್ನೂ ಸೇರುತ್ತದೆ. ಅಲ್ಲಿ ಪಾಚಿ ಅತಿಯಾಗಿ ಬೆಳೆದು ಕೊಳೆತರೆ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುವ ಸಂಭವವಿದೆ. ರೈತನು ಹಣ ತೆತ್ತ ಗೊಬ್ಬರ ಹೀಗೆ ಪಾಚಿಯ ಪಾಲಾಗುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ, ಕಂತುಗಳಲ್ಲಿ ಗೊಬ್ಬರ ಹಾಕುವಂತೆ ಸಲಹೆ ನೀಡಿದರೆ ಅಂಗಡಿಯಲ್ಲಿ ಕೆಲವು ಚೀಲಗಳ ಮಾರಾಟ ತಗ್ಗಬಹುದು. ಆದರೆ ಕಡ ಕೊಟ್ಟ ವರ್ತಕನ ಬಾಕಿ ವಸೂಲಾಗುವುದು ರೈತನ ಕೈಗೆ ಬಂದ ಫಸಲಿನಿಂದಲೇ ಹೊರತು ಕೆರೆಯಲ್ಲಿ ಬೆಳೆದ ಪಾಚಿಯಿಂದಲ್ಲ.